ಬೋರಲು ಹಾಕಿದ ಫೈಲು

ಹೋದ ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಕನ್ನಡಕ ಎಲ್ಲಿಟ್ಟೆ ಅಂತ ಮನೆಯೆಲ್ಲ ತಡಕಾಡುತ್ತಿದ್ದೆ, ಬೆಲ್ ಆಯಿತು. ಬಾಗಿಲು ತೆಗೆದರೆ ಪೊಲೀಸು. ಮೂವತ್ತು ವರ್ಷ ಖಾಕಿಯವರ ನಡುವೆಯೇ ಟೈಪು ಕುಟ್ಟಿದವಳು ನಾನು, ಭಯವೇನೂ ಆಗಲಿಲ್ಲ. ಎದುರು ಮನೆಯಾಕೆ ಇನ್ನೂ ಒಣಗದ ಬಟ್ಟೆ ತೆಗೆಯುವ ನೆಪದಲ್ಲಿ ಬಾಲ್ಕನಿಗೆ ಬಂದು ನಿಂತಿದ್ದು ಕಂಡು ಸ್ವಲ್ಪ ಜಂಬವೇ ಆಯಿತು. ಕಾನ್‌ಸ್ಟೇಬಲ್ ಒಂದು ಸಮನ್ಸ್ ಕೊಟ್ಟು ಸಹಿ ಹಾಕಿಸಿಕೊಂಡ. ಕಾಗದದ ಮೂಲೆಯಲ್ಲಿ ಕೋರ್ಟಿನ ದುಂಡು ಮೊಹರು. ಅದರ ನೇರಳೆ ಮಸಿ ನನ್ನ ಹೆಬ್ಬೆರಳಿಗೆ ಹತ್ತಿತು. ಬೆರಳನ್ನು ಮೂಗಿನ ಹತ್ತಿರ ತಂದೆ. ಅದೇ ವಾಸನೆ. ನಿವೃತ್ತಿಯಾಗಿ ಇಷ್ಟು ವರ್ಷವಾದ ಮೇಲೂ ಆ ಮಸಿಯ ವಾಸನೆ ನನಗೆ ಮರೆತಿಲ್ಲ.

ವಿಷಯ ಇಷ್ಟು. ಎಂಟು ತಿಂಗಳ ಹಿಂದೆ ಬೆಳಿಗ್ಗೆ ಹಲಸೂರು ಕೆರೆ ಪಕ್ಕದ ರಸ್ತೆಯಲ್ಲಿ ವಾಕಿಂಗ್ ಹೋಗಿದ್ದೆ. ಮೊಪೆಡ್ಡಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಹೋಗುತ್ತಿದ್ದ ಹೂವು ಮಾರುವ ಒಬ್ಬರಿಗೆ ಬಿಳಿ ಕಾರೊಂದು ಬಡಿದು, ನಿಲ್ಲಿಸದೆ ಹೊರಟುಹೋಯಿತು. ಅವರ ಒಂದು ಕಾಲು ಹೋಯಿತು. ಹಿಂದಿನಿಂದ ಬಡಿದಿದ್ದರಿಂದ ಅವರೇನೂ ಕಂಡಿರಲಿಲ್ಲ. ಆಮೇಲೆ ಯಾರನ್ನೋ ಹಿಡಿದರಂತೆ, ಕೇಸೂ ನಡೆಯುತ್ತಿದೆಯಂತೆ. ಕಂಡವಳು ಅಂತ ಇರುವುದು ನಾನೊಬ್ಬಳೇ. "ಅವರ ಹೆಂಡ್ತಿ ವಾರವಾರ ಸ್ಟೇಷನ್‌ಗೆ ಬರ್ತಾರೆ ಆಂಟಿ," ಅಂದ ಕಾನ್‌ಸ್ಟೇಬಲ್. "ನಿಮ್ಮನ್ನೇ ನಂಬ್ಕೊಂಡವ್ರೆ." ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ಅವತ್ತು ನಾನು ಕೊಟ್ಟ ಹೇಳಿಕೆಯ ಫೋಟೊ ಫೋನಿಗೆ ಕಳಿಸಿದ್ದೀನಿ, ಕೋರ್ಟಿಗೆ ಬರುವ ಮುಂಚೆ ಒಂದು ಸಲ ಓದಿಕೊಂಡುಬಿಡಿ, ಎಲ್ಲರೂ ಹಾಗೇ ಮಾಡುವುದು ಅಂತ ಹೇಳಿಹೋದ. ಫೋನು ಟಿಂಗ್ ಅಂತು. ಆ ಫೋಟೊ ನಾನಿನ್ನೂ ತೆರೆದಿಲ್ಲ. ಯಾಕೆ ಅನ್ನುವುದನ್ನು ಹೇಳಬೇಕಾದರೆ ವಿಶಾಲಾಕ್ಷಿ ಮೇಡಂ ವಿಷಯ ಹೇಳಬೇಕು, ಶಿವಮ್ಮನ ವಿಷಯ ಹೇಳಬೇಕು, ನನ್ನ ಘನಕಾರ್ಯದ ವಿಷಯವನ್ನೂ ಹೇಳಬೇಕು. ಸ್ವಲ್ಪ ಕೂತುಕೊಳ್ಳಿ.

ನಮ್ಮದು ದೊಮ್ಮಲೂರಿನ ಹಳೇ ಮನೆ. ನಮ್ಮಜ್ಜ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಮೇಲ್ಸೇತುವೆ ಇದೆ, ಅದರ ಕೆಳಗೆ ಆಟೋದವರು ಮಲಗುತ್ತಾರೆ. ಮನೆಯಲ್ಲಿ ಮೊದಲು ಸರ್ಕಾರಿ ಕೆಲಸಕ್ಕೆ ಸೇರಿದವಳು ನಾನೇ. ದಂಡಿನ, ಅಂದರೆ ಕಂಟೋನ್ಮೆಂಟ್, ಕಡೆಯ ಒಂದು ಕೋರ್ಟಿನಲ್ಲಿ ಸರ್ಕಾರಿ ವಕೀಲರ ಕಚೇರಿಗೆ ಟೈಪಿಸ್ಟು. ನೆಂಟರಿಷ್ಟರಿಗೆಲ್ಲ ಅದು ಜಡ್ಜಿನ ಪಕ್ಕದ ಕುರ್ಚಿ ಅಂತಲೇ ಲೆಕ್ಕ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದ ಪ್ರತಿಯೊಬ್ಬ ದಾಯಾದಿಯೂ ನನ್ನ ಹತ್ತಿರ ಬರುತ್ತಿದ್ದ. ನಾನೂ ಏನೂ ಆಗದ ಕೆಲಸಕ್ಕೆ "ನೋಡ್ತೀನಿ" ಅಂತ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಕಚೇರಿ ಅಂದರೆ ಕಾರಿಡಾರಿನ ತುದಿಯ ಒಂದೇ ರೂಮು. ಎತ್ತರದ ಚಾವಣಿ, ಅಲ್ಲಿ ಪಾರಿವಾಳ. ಕೆಳಗೆ ಎರಡು ಬೀರು, ಒಂದು ಟೇಬಲ್ಲು, ಗೋಡೆಯ ಮೊಳೆಗೆ ಮೇಡಂ ಅವರ ಕರಿ ಕೋಟು. ಬಾಗಿಲಾಚೆ ಸಾಕ್ಷಿಗಳು ಕೂರುವ ಉದ್ದನೆಯ ಮರದ ಬೆಂಚು. ಆ ಬೆಂಚಿನ ಮೇಲೆ ಶಿವಾಜಿನಗರದ ತರಕಾರಿಯವರು, ಇಂದಿರಾನಗರದ ದೊಡ್ಡ ಮನೆಯವರು, ಬೈಯಪ್ಪನಹಳ್ಳಿಯ ಕೂಲಿಯವರು ತೊಡೆಗೆ ತೊಡೆ ತಾಗಿಸಿಕೊಂಡು ಕೂರುತ್ತಿದ್ದರು. ತಮಿಳು, ಉರ್ದು, ಇಂಗ್ಲಿಷು ಎಲ್ಲ ಒಂದೇ ಬೆಂಚಿನ ಮೇಲೆ.

ಸರ್ಕಾರಿ ವಕೀಲರು ಅಂದರೆ ಶಿಕ್ಷೆ ಕೊಡಿಸುವವರು ಅಂತ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಪೊಲೀಸರು ಹಿಡಿಯುತ್ತಾರೆ, ಇವರು ಶಿಕ್ಷೆ ಕೊಡಿಸುತ್ತಾರೆ, ಆಗಲಿಲ್ಲ ಅಂದರೆ ಸೋತರು. ತಿಂಗಳ ಕೊನೆಗೆ ಮೇಲಿನವರಿಗೆ ಹೋಗುವ ಪಟ್ಟಿ ಟೈಪು ಮಾಡುತ್ತಿದ್ದವಳೂ ನಾನೇ ಆದ್ದರಿಂದ, ಶಿಕ್ಷೆಯಾದ ಕೇಸಿಗೆ ನನ್ನ ಬೆರಳೂ ಸ್ವಲ್ಪ ಜೋರಾಗಿ ಬೀಳುತ್ತಿತ್ತೋ ಏನೋ. ವಿಶಾಲಾಕ್ಷಿ ಮೇಡಂ ಬಂದ ಮೇಲೆ ಅದು ಸ್ವಲ್ಪ ಗಲಿಬಿಲಿಯಾಯಿತು. ಸಣ್ಣ ಆಳು, ಮೆಲುದನಿ, ನಗು ಕಡಿಮೆ. ಡ್ರಾಯರಿನಲ್ಲಿ ಒಂದು ಡಬ್ಬಿ ಹುರಿಗಡಲೆ ಮಾತ್ರ ಸದಾ ಇರುತ್ತಿತ್ತು.

ಅವರದೊಂದು ಪದ್ಧತಿ. ಸಾಕ್ಷಿ ಹೇಳಬೇಕಾದವರನ್ನು ಬೆಳಿಗ್ಗೆ ರೂಮಿಗೆ ಕರೆದು ಕೂರಿಸಿ ನೀರು ಕೊಡುತ್ತಿದ್ದರು. ಕೇಸಿನ ಫೈಲನ್ನು ಟೇಬಲ್ಲಿನ ಮೇಲೆ ಬೋರಲು ಹಾಕಿ, ಮೇಲೆ ಅಂಗೈ ಊರಿ, "ಅವತ್ತು ಏನಾಯ್ತು, ನಿಮಗೆ ನೆನಪಿರೋಷ್ಟು ಹೇಳಿ" ಅನ್ನುತ್ತಿದ್ದರು. ಅವರು ಪೂರ್ತಿ ಹೇಳಿ ಮುಗಿಸುವವರೆಗೆ ಫೈಲು ಮಗುಚುತ್ತಿರಲಿಲ್ಲ. ಬೇರೆ ಕಡೆ ನಾನು ಕಂಡಿದ್ದು ಇದರ ತಿರುವುಮುರುವು. ಪೊಲೀಸರು ಬರೆದುಕೊಂಡ ಹೇಳಿಕೆ ಮೊದಲು ಓದಿ ಹೇಳುವುದು, ಆಮೇಲೆ "ಇದನ್ನೇ ಹೇಳಿ, ಗಾಬರಿ ಆಗ್ಬೇಡಿ" ಅನ್ನುವುದು. ಅದರಲ್ಲಿ ಐದು ನಿಮಿಷಕ್ಕೆ ಕೆಲಸ ಮುಗಿಯುತ್ತದೆ. ಮೇಡಂ ಪದ್ಧತಿಯಲ್ಲಿ ಮುಕ್ಕಾಲು ಗಂಟೆ. ಸಾಕ್ಷಿಗಳು ಮಗಳ ಮದುವೆಯಿಂದ ಶುರುಮಾಡಿ ಅಪಘಾತಕ್ಕೆ ಬರುತ್ತಿದ್ದರು. ಅಷ್ಟೊತ್ತು ಕೇಳುತ್ತ ಕೂರುತ್ತಾರಲ್ಲ ಅಂತ ನನಗೆ ಒಳಗೊಳಗೇ ಸಿಟ್ಟು. ಒಂದು ಸಲ ಕೇಳಿಯೂಬಿಟ್ಟೆ. "ಬರೆದಿರೋದು ರೈಟರ್ ಕಣಮ್ಮ, ನೋಡಿರೋದು ಅವರು. ನನಗೆ ಬೇಕಾಗಿರೋದು ನೋಡಿರೋದು," ಅಂದು ಎರಡು ಕಾಳು ಕಡಲೆ ಬಾಯಿಗೆ ಹಾಕಿಕೊಂಡರು.

ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಳ್ಳುವ ಪೊಲೀಸು, ಅಂದರೆ ರೈಟರ್, ಬರೆಯುವ ಕನ್ನಡ ನಿಮಗೆ ಗೊತ್ತಿಲ್ಲದಿದ್ದರೆ ಒಂದು ಮಾತು ಹೇಳಬೇಕು. ಹೇಳಿದವರು ಹಾಲಿನವರಾಗಲಿ ಪ್ರೊಫೆಸರ್ ಆಗಲಿ, ಕಾಗದದ ಮೇಲೆ ಎಲ್ಲರೂ ಒಂದೇ ಥರ ಮಾತಾಡುತ್ತಾರೆ. "ಸದರಿ ವಾಹನದ ಚಾಲಕನು ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಚಾಲನೆ ಮಾಡಿಕೊಂಡು ಬಂದು" ಅಂತ ಶುರುವಾಗಿ, "ಸದರಿ ಚಾಲಕನನ್ನು ನೋಡಿದಲ್ಲಿ ಗುರುತಿಸಬಲ್ಲೆನು" ಅಂತ ಮುಗಿಯುತ್ತದೆ. ಕೊನೆಯ ಆ ಸಾಲು ಊಟದ ಕೊನೆಯ ಮಜ್ಜಿಗೆ ಅನ್ನದ ಹಾಗೆ, ಇರಲೇಬೇಕು. ಎಷ್ಟು ಸಾವಿರ ಸಲ ಟೈಪು ಮಾಡಿದ್ದೇನೋ, ಅದಕ್ಕೊಂದು ಅರ್ಥವಿದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಶಿವಮ್ಮ ಯಾದಗಿರಿ ಕಡೆಯವಳು. ಹಲಸೂರಿನಾಚೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಗಂಡ ಹಣಮಂತ ಕಟ್ಟಡದ ಕೆಲಸಕ್ಕೆ, ಇವಳು ಇಂದಿರಾನಗರದ ನಾಲ್ಕು ಮನೆಗಳ ಕೆಲಸಕ್ಕೆ. ಬೈಯಪ್ಪನಹಳ್ಳಿಯಲ್ಲಿ ಒಂದು ಬಾಡಿಗೆ ರೂಮು. ಒಂದು ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೊರಟು ಹಳೇ ಮದ್ರಾಸು ರಸ್ತೆ ದಾಟುವಾಗ ಟೆಂಪೋ ಒಂದು ಹಣಮಂತನಿಗೆ ಬಡಿದು ಓಡಿಹೋಯಿತು. ಅವನು ಅಲ್ಲೇ ತೀರಿಕೊಂಡ. ಪರಿಹಾರದ ಕೇಸು ಬೇರೆ ಕೋರ್ಟಿನಲ್ಲಿತ್ತು, ಅದರ ಮಾತು ಇಲ್ಲಿ ಬೇಡ. ನಮ್ಮಲ್ಲಿದ್ದಿದ್ದು ಚಾಲಕನ ಮೇಲಿನ ಕ್ರಿಮಿನಲ್ ಕೇಸು. ಟೆಂಪೋ ಯಾವುದು ಅಂತ ಗೊತ್ತಾಗಿತ್ತು. ಅವತ್ತು ಓಡಿಸುತ್ತಿದ್ದವನು ಮುನಿರಾಜು ಅಂತ ಟೆಂಪೋ ಮಾಲೀಕ ಬರೆದುಕೊಟ್ಟಿದ್ದ. ಮುನಿರಾಜು ಕೆ.ಆರ್. ಪುರದವನು, ಆ ಮಾಲೀಕನ ಹತ್ತಿರ ಕೆಲಸಕ್ಕಿದ್ದವನು. ತಾನು ಅವತ್ತು ರಜೆ ಹಾಕಿದ್ದೆ ಅಂತ ಅವನ ಮಾತು. ಮಾಲೀಕರು ಮನೆಯವರನ್ನು ಉಳಿಸಿಕೊಳ್ಳಲು ಡ್ರೈವರ್ ಹೆಸರು ಕೊಡುವುದು ನಮ್ಮ ಕಾರಿಡಾರಿನಲ್ಲಿ ಹೊಸ ಸುದ್ದಿಯೇನಲ್ಲ. ಹಾಗಾಗಿ ಎಲ್ಲ ನಿಂತಿದ್ದು ಒಂದೇ ಪ್ರಶ್ನೆಯ ಮೇಲೆ. ಸ್ಟಿಯರಿಂಗ್ ಹಿಂದೆ ಕೂತಿದ್ದವನ ಮುಖವನ್ನು, ಶಿವಮ್ಮನ ಮಾತಿನಲ್ಲಿ ಮಾರಿಯನ್ನು, ಅವಳು ನೋಡಿದ್ದಳೇ?

ಅವಳ ಸಾಕ್ಷಿಯ ದಿನ ಮೇಡಂ ಬೆಳಿಗ್ಗೆಯೇ ಬೇರೊಂದು ಕೋರ್ಟು ಹಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಶಿವಮ್ಮ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಸೆರಗು ತಲೆಯ ಮೇಲೆ, ಮಡಿಲಲ್ಲಿ ಗಂಟು ಹಾಕಿದ ರೊಟ್ಟಿ ಬುತ್ತಿ. ಕೋರ್ಟು ಎಂದೂ ಕಂಡವಳಲ್ಲ. ಒಂದು ದಿನ ಕೆಲಸ ಬಿಟ್ಟರೆ ಮನೆಗಳು ತಪ್ಪುತ್ತವೆ, ಇವತ್ತೇ ಮುಗಿದರೆ ಪುಣ್ಯ ಅಂತ ನನ್ನ ಹತ್ತಿರ ಎರಡು ಸಲ ಹೇಳಿದಳು. ಗಂಟೆ ನೋಡಿದೆ. ಮೇಡಂ ಬರುವ ಸೂಚನೆ ಇಲ್ಲ. ನನಗೆ ಕರುಳು ಚುರ್ ಅಂತು. ಅಷ್ಟೇ ಆಗಿದ್ದರೆ ನನ್ನನ್ನು ಕ್ಷಮಿಸಬಹುದಿತ್ತು. ಮುಕ್ಕಾಲು ಗಂಟೆಯ ಕೆಲಸವನ್ನು ಐದು ನಿಮಿಷದಲ್ಲಿ ಮುಗಿಸಿ ತೋರಿಸುತ್ತೇನೆ ಅನ್ನುವ ಹಮ್ಮೂ ಇತ್ತು. ಬೀರು ತೆಗೆದು ಫೈಲು ತಂದೆ. ಪಕ್ಕದಲ್ಲಿ ಕೂತು, ಅವಳ ಹೇಳಿಕೆಯನ್ನು ನಿಧಾನವಾಗಿ ಎರಡು ಸಲ ಓದಿ ಹೇಳಿದೆ.

ಶಿವಮ್ಮ ಕೇಳಿಸಿಕೊಂಡು, "ಅಕ್ಕಾರ, ಇದು ನಾ ಹೇಳಿದ್ದೇನ್ರೀ?" ಅಂದಳು. ಆ ಪ್ರಶ್ನೆ ನನಗೆ ಇವತ್ತಿಗೂ ಕೇಳಿಸುತ್ತದೆ. ಅಲ್ಲೇ ನಿಲ್ಲಿಸಬಹುದಿತ್ತು. ನಾನೋ, ಬರೆದಿದೆಯಲ್ಲ, ನೀವು ಹೇಳದೆ ಬರೀತಾರಾ ಅಂದೆ. ಅವಳು ನಂಬಿದಳು. ಇಂಗ್ಲಿಷ್ ಇಸ್ಕೂಲಿನ ಮಕ್ಕಳು ಪದ್ಯ ಕಲಿಯುವ ಹಾಗೆ ತುಟಿ ಕುಣಿಸುತ್ತ ಕಲಿತಳು. ಆಮೇಲೆ, ಡ್ರೈವರ್ ಯಾರು ಅಂತ ಕೇಳಿದರೆ ಏನನ್ನಲಿ ಅಂತ ಕೇಳಿದಳು. ಕಾರಿಡಾರಿನ ಆ ತುದಿಯಲ್ಲಿ ಮುನಿರಾಜು ಗೋಡೆಗೊರಗಿ ನಿಂತಿದ್ದ. ಚೌಕುಳಿ ಅಂಗಿ, ಪಕ್ಕದಲ್ಲಿ ಅವನ ತಾಯಿ. ನಾನು ಬಾಯಿ ಬಿಡಲಿಲ್ಲ. ಗದ್ದ ಎತ್ತಿ ಆ ಕಡೆ ತೋರಿಸಿದೆ ಅಷ್ಟೆ. ಶಿವಮ್ಮ ಅವನನ್ನು ತುಂಬ ಹೊತ್ತು ನೋಡಿದಳು.

ಮೇಡಂ ಓಡೋಡಿ ಬಂದರು. ಕೇಸು ಕರೆದೇಬಿಟ್ಟಿದ್ದರು. ಶಿವಮ್ಮನ ಜೊತೆ ಮಾತಾಡಲು ಹೊತ್ತೇ ಸಿಗಲಿಲ್ಲ. ನಾನು ಮುಂದಿನ ಕೇಸುಗಳ ಫೈಲು ಅಪ್ಪಿಕೊಂಡು ಕೋರ್ಟು ಹಾಲಿನ ಬಾಗಿಲಲ್ಲಿ ನಿಂತೆ. ಅವತ್ತು ಏನಾಯಿತು ಅಂತ ಮೇಡಂ ಕೇಳಿದರು. ಶಿವಮ್ಮ ಕಟಕಟೆ ಹಿಡಿದು, ಉಸಿರೆಳೆದು, ಒಂದೇ ಸಮನೆ ಒಪ್ಪಿಸಿದಳು. ಸದರಿ ವಾಹನದ ಚಾಲಕನು ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ. ಒಂದಕ್ಷರ ತಪ್ಪಲಿಲ್ಲ. ನನಗೆ ಹೆಮ್ಮೆ ಅನ್ನಿಸಿತು ಅಂತ ಹೇಳಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿತು. ಕೇಳುವ ಮೊದಲೇ ಅವಳ ಬೆರಳು ಎದ್ದು ಮುನಿರಾಜುವಿನ ಕಡೆ ಹೋಯಿತು. ಹಿಂದಿನ ಬೆಂಚಿನಲ್ಲಿ ಅವನ ತಾಯಿ ಸೆರಗು ಬಾಯಿಗೆ ತುರುಕಿಕೊಂಡಳು. ಶಿಕ್ಷೆಯಾದಂತೆಯೇ ಅಂತ ಲೆಕ್ಕ ಹಾಕಿದೆ.

ಮೇಡಂ ಶಿವಮ್ಮನ ಮುಖವನ್ನೇ ನೋಡಿದರು. ಪ್ರಶ್ನೆ ಮುಗಿಯಿತು ಅಂತ ಕೂತುಬಿಡಬಹುದಿತ್ತು. ಕೂರಲಿಲ್ಲ. ಮೆಲ್ಲಗೆ, "ಶಿವಮ್ಮ, ಈ ಮಾತು ಯಾರು ಹೇಳಿಕೊಟ್ರು?" ಅಂದರು. ಹೊರಗೆ ಅಕ್ಕಾರು ಓದಿ ಹೇಳಿದರು ಅಂತ ಶಿವಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. ಈ ಮನುಷ್ಯನನ್ನು ಯಾರು ತೋರಿಸಿದರು ಅಂತ ಮೇಡಂ ಇನ್ನೊಂದು ಪ್ರಶ್ನೆ ಹಾಕಿದರು. ಶಿವಮ್ಮ ಬಾಗಿಲ ಕಡೆ ನೋಡಿ ತಲೆ ತಗ್ಗಿಸಿದಳು. ಏನೋ ತಪ್ಪಾಗಿದೆ, ಅಕ್ಕಾರಿಗೆ ತೊಂದರೆಯಾಗುತ್ತದೆ ಅಂತ ಅವಳಿಗೆ ಅರ್ಥವಾಗಿತ್ತು. ನನ್ನನ್ನು ಉಳಿಸಲು ಬಾಯಿ ಕಟ್ಟಿಕೊಂಡು ನಿಂತಿದ್ದಳು, ಗಂಡ ಸತ್ತ ಹೆಂಗಸು. ಕೋರ್ಟು ಹಾಲಿನಲ್ಲಿ ಟೈಪಿಸ್ಟು ಬಾಯಿ ಬಿಡುವ ಹಾಗಿಲ್ಲ. ಆದರೂ "ನಾನೇ ಮೇಡಂ" ಅನ್ನುವ ಮಾತು ಹೊರಗೆ ಬಂತು. ಯಾರ ದನಿಯೋ ಅನ್ನಿಸಿತು. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು.

ಮೇಡಂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪೀಠದ ಕಡೆಗೆ ಮುಖ ಮಾಡಿ, "ಸ್ವಾಮಿ, ಅದು ನನ್ನ ಕಚೇರಿ. ಸಾಕ್ಷಿಗೆ ಹೇಳಿಕೆ ಓದಿ ಹೇಳಿದ್ದೂ ನಾವೇ, ಆರೋಪೀನ ತೋರಿಸಿದ್ದೂ ನಾವೇ. ಇದನ್ನ ದಾಖಲು ಮಾಡ್ಕೋಬೇಕು. ಆಮೇಲೆ ಈಯಮ್ಮ ನಿಜವಾಗಿ ಏನು ನೋಡಿದ್ರು ಅಂತ ಕೇಳೋದಕ್ಕೆ ಅವಕಾಶ ಕೊಡ್ಬೇಕು," ಅಂದರು. ಆಕ್ಷೇಪಣೆ ಎತ್ತಲು ಎದ್ದು ನಿಂತಿದ್ದ ಎದುರು ವಕೀಲರು ಹಾಗೇ ಕೂತರು. ಮೇಡಂ ಕೈಯಲ್ಲಿದ್ದ ಫೈಲನ್ನು ಟೇಬಲ್ಲಿನ ಮೇಲೆ ಬೋರಲು ಹಾಕಿದರು. ರೂಮಿನಲ್ಲಿ ಮಾಡುತ್ತಿದ್ದ ಹಾಗೆಯೇ ಅಂಗೈ ಊರಿ, ನಿಮ್ಮೂರ ಮಾತಲ್ಲೇ ಹೇಳಿ ಅಂದರು.

ಆಗ ಶಿವಮ್ಮ ಹೇಳಿದಳು. ರಸ್ತೆ ದಾಟುವಾಗ ಬುತ್ತಿಯ ಗಂಟು ಬಿಚ್ಚಿಹೋಯಿತಂತೆ. ಕಟ್ಟಲು ಬಗ್ಗಿದಳಂತೆ. "ನೀ ಬಾ, ನಾ ಮುಂದ ಹೋಗ್ತೀನಿ" ಅಂದನಂತೆ ಹಣಮಂತ. ಸಪ್ಪಳ ಕೇಳಿ ತಲೆ ಎತ್ತಿದರೆ ಕಂಡಿದ್ದು ಅವನ ಒಂದು ಚಪ್ಪಲಿ, ಟೆಂಪೋದ ಹಿಂಭಾಗ, ಅದರ ಮೇಲೆ ಗಾಳಿಗೆ ಬಡಿದುಕೊಳ್ಳುತ್ತಿದ್ದ ಹಸಿರು ತಾಡಪಾಲು. "ಮಾರಿ ನೋಡಿಲ್ರೀ. ಯಾಂವ ಇದ್ದನೋ ನಂಗ ಗೊತ್ತಿಲ್ಲ," ಅಂದು ಅಳಲು ಶುರುಮಾಡಿದಳು. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ. ರೈಟರ್ ಕನ್ನಡದಲ್ಲಿ ಅಳು ಬರುವುದಿಲ್ಲ ಅಂತ ಕಾಣುತ್ತದೆ.

ಮುನಿರಾಜು ಬಿಡುಗಡೆಯಾದ. ಮಾಲೀಕನ ಕಾಗದ ಬಿಟ್ಟರೆ ಬೇರೆ ಸಾಕ್ಷ್ಯವೇ ಇರಲಿಲ್ಲ. ಪ್ರತಿ ಬಿಡುಗಡೆಗೂ ಅಪೀಲು ಹೋಗಬೇಕೋ ಬೇಡವೋ ಅಂತ ಸರ್ಕಾರಿ ವಕೀಲರು ಅಭಿಪ್ರಾಯ ಬರೆದು ಕಳಿಸಬೇಕು. ಮೇಡಂ ಹೇಳುತ್ತ ಹೋದರು, ನಾನು ಟೈಪು ಮಾಡುತ್ತ ಹೋದೆ. ಅಪೀಲಿಗೆ ಯೋಗ್ಯವಲ್ಲ, ಕಚೇರಿಯಿಂದಾದ ತಪ್ಪಿಗೆ ತಾನೇ ಹೊಣೆ. ನನ್ನ ಹೆಸರು ಹೇಳಲಿಲ್ಲ. ಬೆರಳು ನಿಂತುಹೋಯಿತು. "ಟೈಪ್ ಮಾಡಮ್ಮ, ಟಪಾಲಿಗೆ ಹೊತ್ತಾಯ್ತು," ಅಂದರು. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ನಿಜವಾದ ಚಾಲಕನನ್ನು ಹುಡುಕಿ ಅಂತ ಪೊಲೀಸರಿಗೆ ನಾಲ್ಕು ಸಲ ಕಾಗದ ಬರೆಸಿದರು, ನಾಲ್ಕನ್ನೂ ನಾನೇ ಟೈಪು ಮಾಡಿದೆ. ಬೇರೆ ಮಾಹಿತಿ ಲಭ್ಯವಿಲ್ಲ ಅಂತ ಒಂದಕ್ಕೆ ಉತ್ತರ ಬಂತು, ಉಳಿದವಕ್ಕೆ ಅದೂ ಇಲ್ಲ.

ತೀರ್ಪಿನ ದಿನ ಶಿವಮ್ಮ ಬಂದಿದ್ದಳು. "ಹಂಗಾದ್ರ ನಮ್ಮ ಮನಿಯವ್ರನ್ನ ಕೊಂದಾಂವ ಯಾರ್ರೀ?" ಅಂತ ಮೇಡಂ ಅವರನ್ನು ಕೇಳಿದಳು. ಮೇಡಂ ಗೊತ್ತಿಲ್ಲಮ್ಮ ಅಂದರು. ಬೇರೆ ಏನಾದರೂ ಸಮಾಧಾನ ಹೇಳಬಾರದೇ ಅಂತ ನಾನು ಕಾದೆ, ಹೇಳಲಿಲ್ಲ. ಹುರಿಗಡಲೆ ಡಬ್ಬಿ ತೆಗೆದು ಅವಳ ಮುಂದಿಟ್ಟರು.

ಬಸ್ ಸ್ಟಾಪಿನವರೆಗೆ ನಾನು ಅವಳ ಜೊತೆ ಹೋದೆ. ಕ್ಷಮೆ ಕೇಳಬೇಕು ಅಂತ ಮನಸ್ಸು, ಬಾಯಿಗೆ ಬರುವುದು ಬರೀ ಬಸ್ಸಿನ ನಂಬರು. ಕೊನೆಗೆ ಕೇಳಿದೆ. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಸ್ಸು ಹತ್ತುವ ಮುಂಚೆ ಇಷ್ಟು ಹೇಳಿದಳು. "ಮೊದಲ ಕಣ್ಣ ಮುಚ್ಚಿದ್ರ ಅವರ ಚಪ್ಲಿ ಕಾಣ್ತಿತ್ತು ಅಕ್ಕಾರ. ಈಗ ಆ ಚೌಕಳಿ ಅಂಗಿಯವನ ಮಾರಿ ಬರ್ತದ. ಅಂವ ಅಲ್ಲ ಅಂತ ಗೊತ್ತದ. ಆದ್ರೂ ಅಂವನೇ ಬರ್ತಾನ."

ಬಸ್ಸು ಹೋಯಿತು. ಆಮೇಲೆ ಶಿವಮ್ಮನನ್ನು ನಾನು ನೋಡಲಿಲ್ಲ. ಬೈಯಪ್ಪನಹಳ್ಳಿಯ ಆ ಸಾಲು ರೂಮುಗಳೂ ಈಗಿಲ್ಲ. ಮೇಡಂ ವರ್ಗವಾಗಿ ಹೋದರು, ನಿವೃತ್ತರಾದರು, ಹೋದ ವರ್ಷ ತೀರಿಕೊಂಡರು ಅಂತ ಹಳೇ ಸಹೋದ್ಯೋಗಿಯೊಬ್ಬರು ಫೋನು ಮಾಡಿದ್ದರು. ಅವರು ನನಗೆ ಒಂದು ದಿನವೂ ಬೈಯಲಿಲ್ಲ. ಶಿವಮ್ಮ ಸಾಕ್ಷಿ ಹೇಳಿದ ಮಾರನೆಯ ಬೆಳಿಗ್ಗೆ ಸಾಕ್ಷಿಯೊಬ್ಬರು ಬಂದಾಗ ನನ್ನನ್ನು ಕರೆದು ಪಕ್ಕದಲ್ಲಿ ಸ್ಟೂಲು ಹಾಕಿಸಿ ಕೂರಿಸಿಕೊಂಡರು. ಅವತ್ತಿನಿಂದ ಅವರು ವರ್ಗವಾಗುವವರೆಗೂ ಪ್ರತಿ ಸಾಕ್ಷಿ ಬಂದಾಗಲೂ ಫೈಲು ಬೋರಲು ಹಾಕುವ ಕೆಲಸ ನನ್ನದೇ ಆಗಿತ್ತು.

ಮಂಗಳವಾರದಿಂದ ಇವತ್ತಿನವರೆಗೆ ಎಷ್ಟು ಸಲ ಫೋನು ಕೈಗೆ ತಗೊಂಡೆನೋ. ಒಂದು ಸಲ ಓದಿದರೆ ಏನು ಮಹಾ, ನನ್ನದೇ ಹೇಳಿಕೆ ತಾನೆ ಅನ್ನಿಸುತ್ತದೆ. ಓದುವುದೇನೂ ತಪ್ಪಲ್ಲ, ಎಲ್ಲರೂ ಓದುತ್ತಾರೆ. ಆದರೆ ಅದರ ಕೊನೆಯ ಸಾಲು ಏನಿರುತ್ತದೆ ಅಂತ ನೋಡದೆಯೇ ಗೊತ್ತಲ್ಲ ನನಗೆ. ಅಪಘಾತವಾದ ದಿನ ಸ್ಟೇಷನ್ನಿನಲ್ಲಿ ಆ ರೈಟರ್ ಬರೆದು ಮುಗಿಸಿದಾಗ ನಾನು ಓದಿ ನೋಡಿರಲಿಲ್ಲ. ಅಷ್ಟು ವರ್ಷದ ಅನುಭವಸ್ಥೆ, ಕೈಯಲ್ಲಿ ಕನ್ನಡಕವಿಲ್ಲದೆ ಹೋಗಿದ್ದೆ.

ಈಗ ಅಡುಗೆ ಮನೆಯ ಮಣೆಯ ಮೇಲೆ ಕೂತು ಕಣ್ಣು ಮುಚ್ಚುತ್ತೇನೆ. ಕೆರೆಯ ಕಬ್ಬಿಣದ ಬೇಲಿ ಕಾಣುತ್ತದೆ. ರಸ್ತೆಯುದ್ದಕ್ಕೂ ಚೆಲ್ಲಿದ ಕನಕಾಂಬರ ಕಾಣುತ್ತದೆ. ಬಿಳಿ ಕಾರಿನ ಹಿಂದಿನ ಗಾಜು, ಅದರ ಮೇಲೆ ಆಕಾಶ. ಒಳಗೆ ಯಾರೋ ಇದ್ದರು. ಇದ್ದೇ ಇರಬೇಕು. ನೋಡುತ್ತೇನೆ, ನೋಡುತ್ತೇನೆ, ಅಲ್ಲಿ ಮುಖವಿಲ್ಲ.

ತೆರೆಯದೆಯೇ ಆ ಫೋಟೊ ಅಳಿಸಿಹಾಕಿದೆ. ನಾಳೆ ಬೆಳಿಗ್ಗೆ ಹತ್ತೂವರೆಗೆ ಆ ಬೆಂಚಿನ ಮೇಲೆ ನಾನು ಕೂರಬೇಕು. ಪಕ್ಕದಲ್ಲಿ ಹೂವಿನವರ ಹೆಂಡತಿ ಬಂದು ಕೂರಬಹುದು. ನನ್ನ ಕೈ ಹಿಡಿದುಕೊಳ್ಳಲೂಬಹುದು, ನಂಬಿಕೊಂಡಿರುವವರು. ಅವರ ಮುಖ ನೋಡಿಯೇ ಹೇಳಬೇಕು ನಾನು, ಕೋರ್ಟಿಗೆ ಹೇಳುವ ಮೊದಲು ಅವರಿಗೇ ಹೇಳಬೇಕು: ನಾನು ಮಾರಿ ನೋಡಿಲ್ಲಮ್ಮ.